ಬ್ಯಾಟರಿಗೆ ಬಂದ ಮರೆವು

ನನಗೆ ಕಾರು ಓಡಿಸಲು ಬರುತ್ತದೆ ಎಂದು ಹೇಳುವಾಗ ನನ್ನ ದನಿ ಈಗಲೂ ತಾನಾಗಿ ಏರುತ್ತದೆ. ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ, "ಲಗೂನ ತೂಗಪ್ಪ, ಕಾರು ರಸ್ತ್ಯಾಗ ನಿಲ್ಲಿಸಿ ಬಂದೀನಿ" ಎನ್ನುತ್ತೇನೆ. ಕಾರು ಮನೆಯಲ್ಲೇ ಇದ್ದು ನಾನು ನಡೆದು ಬಂದಿದ್ದಾಗಲೂ ಹಾಗೆ ಅಂದದ್ದುಂಟು. ಮೀಸೆ ಮೂಡುವ ವಯಸ್ಸಿಗೇ ಸ್ಟೇರಿಂಗ್ ಹಿಡಿದವರಿಗೆ ಇದು ಸಣ್ಣತನವಾಗಿ ಕಾಣಬಹುದು. ನಾನು ಹಿಡಿದದ್ದು ನಿವೃತ್ತಿಯಾದ ಮೇಲೆ. ಅದಕ್ಕೂ ಮುಂಚಿನ ನನ್ನ ಆಯುಷ್ಯದಲ್ಲಿ ದೊಡ್ಡದೊಂದು ಭಾಗ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕಳೆದುಹೋಗಿದೆ. ಕೂಡ್ಲಿಗಿಯ ಬಸ್ಸು ಹೋಯಿತು, ಕೊಟ್ಟೂರಿನ ಬಸ್ಸು ಹೋಯಿತು, ಹರಪನಹಳ್ಳಿಯದು ತುಂಬಿ ತುಳುಕುತ್ತಾ ಹೋಯಿತು, ನನಗೆ ಬೇಕಾದ ಹಡಗಲಿಯ ಬಸ್ಸು ಮಾತ್ರ ಎಲ್ಲಿದೆಯೆಂದು ಕೇಳಿದರೆ ಕಂಟ್ರೋಲರ್ ಆಕಾಶ ನೋಡುತ್ತಿದ್ದ. ಅಂಥ ನಾನು ಒಂದು ಬೆಳಿಗ್ಗೆ ಎದ್ದು, ಮನಸ್ಸು ಬಂತೆಂದು, ಯಾರನ್ನೂ ಕೇಳದೆ, ಹೂವಿನಹಡಗಲಿಯ ಅಕ್ಕನ ಮನೆಗೆ ಹೋಗಿ ಮಂಡಕ್ಕಿ ತಿಂದು, ಮಧ್ಯಾಹ್ನದ ಅಡುಗೆಗೆ ಮನೆಗೆ ಬರಬಹುದು ಎಂದರೆ ದನಿ ಏರದೆ ಇನ್ನೇನು ಮಾಡೀತು?

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಆ ಕಾರಿನ ಕೀಲಿಯನ್ನು ನಾನೇ ನನ್ನ ಕೈಯಾರೆ ನಮ್ಮ ಮನೆಯವರ ಅಂಗಡಿ ಕೀಲಿಗಳ ಗೊಂಚಲಿಗೆ ಪೋಣಿಸಿಬಿಟ್ಟಿದ್ದೆ ಎಂಬುದು ಎಷ್ಟು ದೊಡ್ಡ ಮಾತು ಎಂದು ನಿಮಗೆ ತಿಳಿಯಬೇಕು. ನಮ್ಮ ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ. ಅವರ ಧೈರ್ಯ ಸ್ಕೂಟರಿಗೆ ಮುಗಿಯುತ್ತದೆ. ಹಾಗಾಗಿ ಕೀಲಿ ಅವರಿಗೆ ಕೊಟ್ಟೆ ಎಂದರೆ ಕಾರು ನಿಂತಿತು, ಇಲ್ಲವೇ ಮಾರಾಟವಾಯಿತು ಎಂದೇ ಅರ್ಥ.

ಕಥೆ ಶುರುವಾದದ್ದು ಮಹಾನವಮಿ ಮುಗಿದ ಕೆಲವು ವಾರಗಳಿಗೆ. ಒಂದು ಬೆಳಿಗ್ಗೆ ಕೀಲಿ ತಿರುವಿದರೆ ಕಾರು 'ಕಟ್ ಕಟ್ ಕಟ್' ಎಂದು ಹಲ್ಲು ಕಡಿಯಿತೇ ಹೊರತು ಎದ್ದೇಳಲಿಲ್ಲ. ನಮ್ಮ ಮನೆಯವರು ಹಲ್ಲುಜ್ಜುತ್ತಾ ಬಂದು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ತೀರ್ಪು ಕೊಟ್ಟರು.

"ರಾತ್ರಿ ಲೈಟ್ ಹಚ್ಚಿಬಿಟ್ಟು ಬಂದೀ ನೋಡು. ಬ್ಯಾಟ್ರಿ ಇಳದೈತಿ."

"ಇಲ್ರಿ, ಆರಿಸೀನಿ. ಸ್ವಿಚ್ ನೋಡ್ರಿ ಬೇಕಾದ್ರ, ಆಫ್ ಆಗೇ ಐತಿ."

"ಈಗ ಗಾಬರಿಲೆ ಆರಿಸಿರ್ತಿ. ಆರಿಸಿದ್ದೂ ಮರ್ತಿರ್ತಿ."

ಈ ವಾದದ ಚೆಂದ ನೋಡಿ. ಕದ್ದಿದ್ದೀಯ ಎಂದರೆ ಕದ್ದಿಲ್ಲ ಎನ್ನಬಹುದು, ಸಾಕ್ಷಿ ಕೇಳಬಹುದು. ಮರೆತಿದ್ದೀಯ ಎಂದರೆ ಏನು ಹೇಳುವುದು? ನೆನಪಿಲ್ಲ ಎಂದರೆ ತಪ್ಪೊಪ್ಪಿಕೊಂಡ ಹಾಗೆ. ನೆನಪಿದೆ ಎಂದರೆ, ಮರೆತವರೆಲ್ಲ ಹಾಗೇ ಹೇಳುವುದು ಎನ್ನುತ್ತಾರೆ. ಇಂಥ ಆಪಾದನೆಗೆ ಜಗತ್ತಿನ ಯಾವ ವಕೀಲನೂ ಜಾಮೀನು ಕೊಡಿಸಲಾರ.

ಬ್ಯಾಟರಿಯನ್ನು ಕೂಡ್ಲಿಗಿ ರಸ್ತೆಯ ಹುಸೇನಪ್ಪನ ಅಂಗಡಿಗೆ ಒಯ್ದು ಚಾರ್ಜಿಗೆ ಇಟ್ಟೆವು. ಹುಸೇನಪ್ಪ ಕಾರು, ಟ್ರ್ಯಾಕ್ಟರುಗಳ ವಯರಿಂಗ್ ಕೆಲಸದವನು. ಅವನ ಮಗಳು ಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದಳಾದ್ದರಿಂದ ನನ್ನನ್ನು ಅಕ್ಕೋರೇ ಎನ್ನುತ್ತಾನೆ. ಚಾರ್ಜಾದ ಬ್ಯಾಟರಿ ಕೆಲವು ದಿನ ಚೆನ್ನಾಗಿತ್ತು, ಮತ್ತೆ ಇಳಿಯಿತು. ಬ್ಯಾಟರಿಗೆ ವಯಸ್ಸಾಗಿದೆ ಎಂದು ಹೊಸದನ್ನೇ ಹಾಕಿಸಿದೆವು. ಅದು ಇನ್ನೂ ಹೆಚ್ಚು ದಿನ ಚೆನ್ನಾಗಿತ್ತು. ನಾನು ಹೊಸ ಸೊಸೆಯನ್ನು ಹೊಗಳುವ ಹಾಗೆ ಬೀದಿಯವರಿಗೆಲ್ಲ ಅದನ್ನು ಹೊಗಳಿದೆ. ಆಮೇಲೊಂದು ದಿನ ಕೊಟ್ಟೂರಿನಲ್ಲಿ ನಾಮಕರಣದ ಊಟ ಮುಗಿಸಿ ಬರುತ್ತಾ, ರಸ್ತೆ ಬದಿ ನೆರಳಿನಲ್ಲಿ ನಿಲ್ಲಿಸಿ ಫೋನಿನಲ್ಲಿ ಮಾತಾಡಿ ಕೀಲಿ ತಿರುವುತ್ತೇನೆ, 'ಕಟ್ ಕಟ್'.

ನಮ್ಮ ಕಡೆ ರಸ್ತೆಯಲ್ಲಿ ಕಾರು ನಿಂತರೆ ಒಂಟಿತನ ಕಾಡುವುದಿಲ್ಲ. ಹೊಲದಲ್ಲಿ ಇದ್ದವರು, ಬೈಕಿನಲ್ಲಿ ಹೋಗುವವರು ಎಲ್ಲರೂ ಬಂದು ಬಾನೆಟ್ ಎತ್ತಿಸಿ ಒಳಗೆ ಇಣುಕುತ್ತಾರೆ. ಯಾರಿಗೂ ಏನೂ ತಿಳಿಯದು, ಆದರೂ ಬಾವಿಗೆ ಬಿದ್ದ ಕೊಡ ನೋಡುವ ಹಾಗೆ ಎಲ್ಲರೂ ಬಗ್ಗಿ ನೋಡುತ್ತಾರೆ. ಅವತ್ತು ಒಬ್ಬ ಕುರಿಗಾಹಿ ಹಿರಿಯ ತನ್ನ ಹಿಂಡನ್ನು ರಸ್ತೆಯಾಚೆ ಬಿಟ್ಟು ಬಂದ. ಸುತ್ತ ಒಂದು ಸಲ ತಿರುಗಿ ನೋಡಿ, "ಮಾರಿಬಿಡ್ರಿ ತಾಯಿ ಇದನ್ನ, ಇದರ ಮುಖಲಕ್ಷಣ ಚಲೋ ಇಲ್ಲ" ಎಂದ. ಹಾಗೆಂದವನೇ ಕಂಬಳಿ ಸೊಂಟಕ್ಕೆ ಸುತ್ತಿ, ಬೈಕಿನ ಇಬ್ಬರನ್ನು ಸೇರಿಸಿಕೊಂಡು, ಕಾರನ್ನು ನೂಕಿ ಎಬ್ಬಿಸಿಕೊಟ್ಟ. ಥ್ಯಾಂಕ್ಸ್ ಹೇಳಲೂ ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ನಿಲ್ಲಿಸಿದರೆ ಮತ್ತೆ ನೂಕಬೇಕಲ್ಲ. ಕಿಟಕಿಯಿಂದ ಒಂದೇ ಕೈಯಲ್ಲಿ ನಮಸ್ಕರಿಸಿ ಬಂದೆ.

ಮನೆಗೆ ಬಂದಾಗ ನಮ್ಮ ಮನೆಯವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬಹಳ ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ, "ಹೊಸಾ ಬ್ಯಾಟ್ರಿನೂ ಇಳೀತು ಅಂದ್ರ ಅದು ಬ್ಯಾಟ್ರಿದಲ್ಲ ಬಿಡು. ವಯಸ್ಸಾತು, ಆಗ್ತೈತಿ" ಎಂದರು. ಆ 'ಆಗ್ತೈತಿ' ಎಂಬ ಮಾತು ನನ್ನ ಎದೆಯಲ್ಲಿ ನೆಟ್ಟುಕೊಂಡುಬಿಟ್ಟಿತು.

ನಿಮಗೆ ಹೇಳಬೇಕು. ನಮ್ಮ ಅವ್ವ ಕೊನೆಕೊನೆಗೆ ಉಪ್ಪಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಉಪ್ಪೆಲ್ಲಿ ಎಂದು ಹುಡುಕುತ್ತಿದ್ದಳು. ನನ್ನನ್ನು ಅಕ್ಕನ ಹೆಸರಿನಿಂದ ಕರೆಯುತ್ತಿದ್ದಳು, ಅಕ್ಕನನ್ನು ತನ್ನ ತಂಗಿಯ ಹೆಸರಿನಿಂದ. ಆಮೇಲಾಮೇಲೆ ನಮ್ಮಿಬ್ಬರನ್ನೂ ಯಾರೋ ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಎಂದು ಗೌರವದಿಂದ ಬಹುವಚನದಲ್ಲಿ ಮಾತಾಡಿಸಿದಳು. "ಊಟ ಮಾಡಿ ಹೋಗ್ರಿ" ಎನ್ನುತ್ತಿದ್ದಳು, ನಮ್ಮ ಅವ್ವ, ನಮಗೆ. ನನಗೆ ಸಾವಿನ ಭಯ ಅಷ್ಟಿಲ್ಲ. ಇದರ ಭಯ ಇದೆ. ಲೈಟು ಹಚ್ಚಿಬಿಟ್ಟು, ಆರಿಸಿದ್ದೇನೆ ಎಂದು ಎದೆ ತಟ್ಟಿ ಹೇಳುತ್ತಿದ್ದೇನೆ ಎಂದಾದರೆ, ಚಾರ್ಜು ನಿಲ್ಲದಿರುವುದು ಕಾರಿನಲ್ಲೋ ನನ್ನ ತಲೆಯಲ್ಲೋ?

ಅಂದಿನಿಂದ ನಾನು ಗುಟ್ಟಾಗಿ ನನ್ನನ್ನೇ ಪರೀಕ್ಷೆ ಮಾಡಿಕೊಳ್ಳತೊಡಗಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಒಲೆಯ ಮುಂದೆ ನಿಂತು ಜಲಜನಕದಿಂದ ಮೂಲವಸ್ತುಗಳ ಪಟ್ಟಿ ಒಪ್ಪಿಸುವುದು, ತಪ್ಪಿಲ್ಲದೆ ಬಂದರೆ ಒಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವುದು. ಒಂದು ಸಂಜೆ ರಂಜಕದ ಹತ್ತಿರ ಬಂದು ನಿಂತುಬಿಟ್ಟೆ. ಅದರ ಮುಂದಿನದು ಏನು? ಕಣ್ಣು ಮುಚ್ಚಿ ಹಣೆ ತಿಕ್ಕಿಕೊಳ್ಳುತ್ತಿದ್ದೇನೆ, ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ಹರಿಯಿತು. ಅಲ್ಲಿಗೆ ಬಂದ ನಮ್ಮ ಮನೆಯವರು ಹಾಲನ್ನು ನೋಡಿದರು, ನನ್ನನ್ನು ನೋಡಿದರು, ಬಟ್ಟೆ ತಂದು ಒರೆಸತೊಡಗಿದರು. ನೆನಪಿನ ಪರೀಕ್ಷೆ ಮಾಡಿಕೊಳ್ಳುತ್ತಾ ಹಾಲು ಮರೆತೆ ಎಂದು ಹೇಗೆ ಹೇಳಲಿ? 'ಗಂಧಕ!' ಎಂದು ಆಗ ನೆನಪಾಯಿತು. ಕೂಗಿಯೇಬಿಟ್ಟೆ. ಅವರು ಇನ್ನಷ್ಟು ಕನಿಕರದಿಂದ ನೋಡಿದರು.

ಮತ್ತೊಂದು ಉಪಾಯ ಮಾಡಿದೆ. ಹಡಗಲಿಯ ಅಕ್ಕ ಬಸ್ಸಿನಲ್ಲಿ ಮಲ್ಲಿಗೆ ಕಳಿಸುತ್ತಿರುತ್ತಾಳೆ. ಆ ಊರಿನಲ್ಲಿದ್ದು ತಂಗಿಗೆ ಮಲ್ಲಿಗೆ ಕಳಿಸದಿದ್ದರೆ ಹೇಗೆ? ಸಂಜೆ ಕಾರು ನಿಲ್ಲಿಸಿ, ಲೈಟು ಆರಿದೆಯೇ, ಬಾಗಿಲು ಮುಚ್ಚಿದೆಯೇ, ಒಳಗಿನ ದೀಪ ಆರಿದೆಯೇ ಎಂದು ಒಂದೊಂದೇ ಮುಟ್ಟಿ ನೋಡಿ, ಎಲ್ಲ ಸರಿಯಿದ್ದರೆ ಮುಡಿಯಿಂದ ಒಂದು ತುಂಡು ಮಾಲೆ ತೆಗೆದು ಗೇರಿನ ಕೋಲಿಗೆ ಹಾಕುವುದು. ಬೆಳಿಗ್ಗೆ ಮಲ್ಲಿಗೆ ಇದ್ದರೆ ನಾನು ಮರೆತಿಲ್ಲ ಎಂದು ಸಾಕ್ಷಿ. ಒಂದು ಬೆಳಿಗ್ಗೆ ಮಲ್ಲಿಗೆ ಇತ್ತು, ಕಾರು ಮಾತ್ರ 'ಕಟ್ ಕಟ್' ಎಂದಿತು. ಕುಣಿದಾಡುವಷ್ಟು ಸಂತೋಷವಾಯಿತು ನನಗೆ. ಕೆಟ್ಟ ಕಾರನ್ನು ಕಂಡು ಇಷ್ಟು ಹಿಗ್ಗಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಓಡಿಹೋಗಿ ನಮ್ಮ ಮನೆಯವರನ್ನು ಕರೆತಂದು ತೋರಿಸಿದೆ.

"ಹೂವು ಹಾಕಿದ್ದು ಖರೆ," ಎಂದರು ಅವರು. "ಲೈಟ್ ನೋಡಿನೇ ಹಾಕಿದ್ದು ಅಂತ ಏನ್ ಗ್ಯಾರಂಟಿ?"

ಅಯ್ಯೋ, ಇದು ನನಗೇ ಹೊಳೆದಿರಬೇಕಿತ್ತು. ಜಪಮಣಿ ಎಣಿಸುವವರೆಲ್ಲ ದೇವರ ಧ್ಯಾನದಲ್ಲೇ ಇರುತ್ತಾರೆಯೇ? ಹೂವು ಹಾಕುವುದೂ ರೂಢಿಯಾಗಿ, ಕೈ ತನ್ನ ಪಾಡಿಗೆ ಹಾಕಿಬಿಟ್ಟಿರಬಹುದು. ನನ್ನ ಸಾಕ್ಷಿಯೇ ನನ್ನ ವಿರುದ್ಧ ನಿಂತಿತು. ಕೋಗಳಿಯ ಹಳೆಯ ಬಸದಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ, ಶಾಸನ ಕೆತ್ತಿದವರು ಯಾಕಿಷ್ಟು ಕಷ್ಟಪಟ್ಟರು, ಒಂದು ಕಾಗದದಲ್ಲಿ ಬರೆದಿಟ್ಟಿದ್ದರೆ ಸಾಕಿತ್ತು ಎಂದು ತಮಾಷೆ ಮಾಡುತ್ತಿದ್ದೆ. ಈಗ ಅರ್ಥವಾಯಿತು. ಮನುಷ್ಯರ ನೆನಪನ್ನು ಕಟ್ಟಿಕೊಂಡವರ ಗತಿ ಏನೆಂದು ಅವರಿಗೆ ಗೊತ್ತಿತ್ತು, ಕಲ್ಲಿಗೇ ಕೈ ಹಾಕಿದರು. ಲೈಟು ಆರಿಸಿದ್ದಕ್ಕೆ ನಾನು ದಿನಾ ಎಲ್ಲಿಂದ ಕಲ್ಲು ತರಲಿ?

ಅವತ್ತು ಹುಸೇನಪ್ಪನನ್ನು ಮನೆಗೇ ಕರೆಸಿದೆವು. ಅವನು ಬಾನೆಟ್ ಎತ್ತಿ, "ಒಳಗೆಲ್ಲ ಏನ್ ಚೊಕ್ಕ ಇಟ್ಟೀರ್ರಿ ಅಕ್ಕೋರೆ, ಮದುವಿ ಮನಿ ಆಗೇತಿ" ಎಂದು ಹೊಗಳಿದ. ಬ್ಯಾಟರಿ ಕೂರುವ ತಟ್ಟೆ, ಸುತ್ತಲ ತಗಡು ಎಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನನಗೂ ಹೆಮ್ಮೆ ಎನಿಸಿತು. ಅವನು ಬ್ಯಾಟರಿಯನ್ನು ಚಾರ್ಜ್ ಮಾಡಿ ತಂದು, ಗಾಡಿ ಎಬ್ಬಿಸಿ, ಅದರ ಮೇಲೆ ಮೀಟರ್ ಹಿಡಿದು, ಗಾಡಿ ಚಾಲೂ ಇದ್ದಾಗಲೂ ಚಾರ್ಜಿಂಗ್ ಏರುತ್ತಿಲ್ಲ ಎಂದ. "ಡೈನಮೊ ಹೋಗೇತ್ರಿ. ಬದಲಿ ಮಾಡಬೇಕು." ಗಾಡಿ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರಕ್ಕೆ ನಮ್ಮಲ್ಲಿ ಎಲ್ಲರೂ ಅನ್ನುವುದು ಡೈನಮೊ. ದಾವಣಗೆರೆಯಿಂದ ತರಿಸಿ ಸೋಮವಾರ ಹಾಕುತ್ತೇನೆ ಎಂದ.

ಅವನನ್ನೇಕೆ ದೂರಲಿ? ನಮ್ಮ ಊರುಗಳಲ್ಲಿ ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ. ನಾಲಿಗೆ ನೋಡಿ, ನಾಡಿ ಹಿಡಿದು, ಏನೂ ಆಗಿಲ್ಲ ಮಲಗು ಎಂದರೆ, ಏನೂ ನೋಡಲೇ ಇಲ್ಲ ಎಂದು ಬೈಯುತ್ತಾ ಬರುತ್ತೇವೆ. ಮೆಕ್ಯಾನಿಕ್‌ನ ಹತ್ತಿರವೂ ಅಷ್ಟೇ. ಹಳೆಯದು ಬಿಚ್ಚಿ ಕೈಗೆ ಕೊಟ್ಟು ಹೊಸದು ಹಾಕಿದರೆ ಕೆಲಸವಾಯಿತು ಎಂದು ನಂಬುತ್ತೇವೆ. ಕೂತು ಯೋಚಿಸಿದ್ದಕ್ಕೆ ನಾವು ಯಾರಿಗೂ ಕೂಲಿ ಕೊಟ್ಟವರಲ್ಲ. ಆದ್ದರಿಂದ ಯಾರೂ ಯೋಚಿಸುತ್ತಾ ಕೂರುವುದಿಲ್ಲ.

ಆ ಹೊತ್ತಿಗೆ ನನಗೂ ಯೋಚಿಸುವ ಶಕ್ತಿ ಮುಗಿದಿತ್ತು. ಡೈನಮೊ ಹೊಸದಾದರೂ ಮತ್ತೆ ಇಳಿದರೆ? ಆಗ ಬದಲಿಸಲು ಉಳಿಯುವುದು ನಾನೊಬ್ಬಳೇ. ಅವತ್ತು ಸಂಜೆಯೇ ಕೀಲಿಯನ್ನು ಅಂಗಡಿಯ ಗೊಂಚಲಿಗೆ ಪೋಣಿಸಿದೆ. "ರಿಪೇರಿ ಆದ ಮ್ಯಾಲೆ ಯಾರಿಗರ ಕೊಟ್ಟುಬಿಡ್ರಿ" ಎಂದೆ. ನಮ್ಮ ಮನೆಯವರು ಬೇಡ ಎನ್ನಲಿಲ್ಲ. ಗೊಂಚಲನ್ನು ಕೈಯಲ್ಲಿ ಸುಮ್ಮನೆ ತೂಗಿ ನೋಡಿದರು.

ಅಕ್ಕನನ್ನು ಹೊಳಲಿನ ಅನಂತಶಯನನ ಗುಡಿಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬರಲಾಗುವುದಿಲ್ಲ ಎಂದು ಫೋನಿನಲ್ಲಿ ಹೇಳಹೊರಟವಳು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. "ನನಗೂ ಅವ್ವನಂಗ ಆಗಾಕ್ಹತ್ತೈತೇನು ಅಕ್ಕ?" ಎಂದೆ. ಆ ಕಡೆ ಅಕ್ಕ ಹೂವು ಕಟ್ಟುತ್ತಿದ್ದಳೆಂದು ಕಾಣುತ್ತದೆ, ದಾರ ಹಲ್ಲಿನಲ್ಲಿ ಕಡಿದ ಸದ್ದು ಕೇಳಿತು.

"ಲೇ ಹುಚ್ಚಿ," ಎಂದಳು. "ಅವ್ವಗ ತಾ ಮರೀತೀನಿ ಅಂಬೋದೇ ಗೊತ್ತಿದ್ದಿಲ್ಲ. ನೀ ಮರ್ತೆನೇನೋ ಅಂತ ಹೂವು ಹಾಕಿ ಕಾಯಾಕ್ಹತ್ತಿ. ಎರಡೂ ಒಂದs ಏನು? ಅಲ್ಲs, ಅಷ್ಟು ವರ್ಷ ಹುಡುಗ್ಯಾರಿಗೆ ಕರೆಂಟಿನ ಪಾಠ ಹೇಳಿದಿ. ನಿನ್ನ ಗಾಡಿ ಕರೆಂಟು ಎಲ್ಲಿಗೆ ಹೊಕ್ಕೈತಿ ಅಂತ ಒಂದಿನ ನೋಡಿಯೇನು? ಮೊದಲ ಗಾಡಿ ನೋಡು. ನಿನ್ನ ತಲಿ ಎಲ್ಲಿ ಓಡಿ ಹೊಕ್ಕೈತಿ, ಆಮ್ಯಾಲೆ ನೋಡೋಣಂತ."

ಕೆನ್ನೆಗೆ ಹೊಡೆದ ಹಾಗಾಯಿತು. ನಾಚಿಕೆಯೂ ಆಯಿತು, ನಗುವೂ ಬಂತು. ಮರದ ಹಲಗೆಯ ಮೇಲೆ ಬಲ್ಬು, ಬ್ಯಾಟರಿ, ತಂತಿ ಕೂರಿಸಿ, ಬಲ್ಬು ಹತ್ತದಿದ್ದರೆ "ಬಲ್ಬು ಬದಲಿಸಬೇಡಿ, ಮೊದಲು ದಾರಿ ಹುಡುಕಿ" ಎಂದು ವರ್ಷವರ್ಷವೂ ಹೇಳಿದವಳು ನಾನೇ. ಹೇಳಿದ್ದು ಹುಡುಗಿಯರಿಗೆ. ನನಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಅಂಗಡಿಗೆ ರಜೆ. ನಮ್ಮ ಮನೆಯವರದು ಹಾರ್ಡ್‌ವೇರ್ ಅಂಗಡಿ, ಅಲ್ಲಿಂದಲೇ ಒಂದು ಮೀಟರ್ ತರಿಸಿದೆ. ಗೊಂಚಲಿನಿಂದ ಕಾರಿನ ಕೀಲಿಯನ್ನು ಬಿಡಿಸುವ ತಾಳ್ಮೆ ಇಲ್ಲದೆ, ಅಂಗಡಿಯ ಷಟರ್, ಗೋದಾಮು, ಗಲ್ಲಾಪೆಟ್ಟಿಗೆ ಎಲ್ಲದರ ಕೀಲಿಗಳೂ ಜೋತಾಡುತ್ತಿರಲು, ಅದನ್ನೇ ಹಾಕಿ ತಿರುವಿದೆ. ಹಿಂದಿನ ದಿನ ಹುಸೇನಪ್ಪ ಚಾರ್ಜ್ ಮಾಡಿಕೊಟ್ಟಿದ್ದರಿಂದ ಕಾರು ಎದ್ದಿತು. ನಮ್ಮ ಮನೆಯವರನ್ನು ಸೀಟಿನಲ್ಲಿ ಕೂರಿಸಿ, ಲೈಟು ಫ್ಯಾನು ಎಲ್ಲ ಹಚ್ಚಿಸಿ, "ನಾ ಹೇಳಿದಾಗ ಆಕ್ಸಿಲೇಟರ್ ಮೆಲ್ಲಕ ತುಳೀರಿ" ಎಂದೆ. ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ ಎಂದು ಮೂರು ದೇವರ ಆಣೆ ಮಾಡಿ ಹೇಳಿದರೂ ಅವರು ಸ್ಟೇರಿಂಗನ್ನು ಎರಡೂ ಕೈಯಿಂದ ಅಪ್ಪಿಕೊಂಡೇ ಕೂತಿದ್ದರು.

ಬ್ಯಾಟರಿಯ ಎರಡು ತಲೆಗಳ ಮೇಲೆ ಮೀಟರ್ ಇಟ್ಟೆ. ಹುಸೇನಪ್ಪ ಹೇಳಿದ್ದು ನಿಜ, ಹದಿಮೂರು ವೋಲ್ಟು ದಾಟಲು ತಿಣುಕುತ್ತಿತ್ತು. ಹದಿನಾಲ್ಕರ ಹತ್ತಿರ ಇರಬೇಕಿತ್ತು. ಅವನು ಇಲ್ಲಿಗೇ ನಿಲ್ಲಿಸಿದ್ದ. ಕೊಡ ತುಂಬುತ್ತಿಲ್ಲ, ಆದ್ದರಿಂದ ನಲ್ಲಿ ಕೆಟ್ಟಿದೆ ಎಂದ ಹಾಗೆ. ನಲ್ಲಿಯ ಬಾಯಿಗೇ ಹೋಗಿ ನೋಡೋಣ ಎಂದು ಮೀಟರಿನ ಒಂದು ಮೊನೆಯನ್ನು ಡೈನಮೊದ ಹಿಂದಿನ ತಿರುಪಿಗೆ, ಇನ್ನೊಂದನ್ನು ಅದರ ಮೈಗೇ ಇಟ್ಟೆ. ಹದಿನಾಲ್ಕರ ಮೇಲೆ! ಭರಪೂರ! ಡೈನಮೊ ತನ್ನ ಕೆಲಸ ಮಾಡುತ್ತಲೇ ಇದೆ, ಪಾಪ. ನಾಳೆ ಅದರ ಕುತ್ತಿಗೆಗೆ ಹಗ್ಗ ಬೀಳುವುದಿತ್ತು. ನನ್ನ ಹಾಗೆಯೇ ತಪ್ಪಿಲ್ಲದೆ ಸಿಕ್ಕಿಕೊಂಡ ಇನ್ನೊಬ್ಬರು ಸಿಕ್ಕರಲ್ಲ ಎಂದು ಅದನ್ನು ತಟ್ಟಬೇಕೆನಿಸಿತು. ಬಿಸಿಯಾಗಿತ್ತು, ಬಿಟ್ಟೆ.

ಹಾಗಾದರೆ ಹುಟ್ಟಿದ ಕರೆಂಟು ದಾರಿಯಲ್ಲಿ ಎಲ್ಲೋ ನಿಂತುಹೋಗುತ್ತಿದೆ. ದಾರಿ ಎರಡೇ, ಹೋಗುವುದೊಂದು ಬರುವುದೊಂದು. ಹೋಗುವ ಕಡೆ, ಪ್ಲಸ್‌ನಿಂದ ಪ್ಲಸ್‌ಗೆ ಮೀಟರ್ ಇಟ್ಟೆ. ಹೆಚ್ಚುಕಡಿಮೆ ಸೊನ್ನೆ. ಅಂದರೆ ಅಲ್ಲಿ ತಡೆಯಿಲ್ಲ. ಬರುವ ಕಡೆ, ಬ್ಯಾಟರಿಯ ಮೈನಸ್‌ನಿಂದ ಇಂಜಿನ್ನಿನ ಮೈಗೆ ಇಟ್ಟೆ. ಸೊನ್ನೆ ಇರಬೇಕಾದಲ್ಲಿ ಒಂದು ವೋಲ್ಟು! ಇಂಜಿನ್ನಿನಿಂದ ಕಾರಿನ ಮೈಗೆ ಇಟ್ಟೆ, ಸೊನ್ನೆ. ಮೈನಸ್‌ನಿಂದ ಕಾರಿನ ಮೈಗೆ ಇಟ್ಟೆ, ಮತ್ತೆ ಒಂದು ವೋಲ್ಟು. ಕಳ್ಳ ಸಿಕ್ಕಿದ. ಬ್ಯಾಟರಿಯ ಮೈನಸ್‌ನಿಂದ ಹೊರಟ ಕಪ್ಪು ಕೇಬಲ್ಲು ಕಾರಿನ ತಗಡಿಗೆ ಕೂರುವ ಒಂದು ಬೋಲ್ಟು, ಅರ್ತಿಂಗ್ ಬೋಲ್ಟು ಎನ್ನುತ್ತಾರೆ, ಅಲ್ಲೇ ಇದೆ ತಡೆ.

"ಆಫ್ ಮಾಡ್ರಿ! ಬರ್ರಿ ಇಲ್ಲಿ!" ಎಂದು ಕೂಗಿದೆ. ಕಾರು ಹೊರಟೇಬಿಟ್ಟಿತೆಂದು ಅವರು ಇಳಿದು ಓಡಿದರು. ಗೊಂಚಲು ತಿರುವಿ ಆರಿಸಿದ್ದು ನಾನೇ.

ಅವರೇ ತಿರುಗಿ ಬಂದು ಪಾನಾ ಹಾಕಿ ಬೋಲ್ಟು ಬಿಚ್ಚಿದರು. ಕೇಬಲ್ಲಿನ ಕಿವಿಯ ಕೆಳಗೆ, ತಗಡಿನ ಮೇಲೆ, ದಪ್ಪಗೆ, ನುಣ್ಣಗೆ, ಬೆಳ್ಳಿ ಬಣ್ಣ. ಬಣ್ಣದ ಮೇಲೆ ಕೇಬಲ್ಲು ಕೂರಿಸಿ ಬಿಗಿದಿದ್ದಾರೆ. ಬಣ್ಣ ಎಂದರೆ ಕರೆಂಟಿಗೆ ಗೋಡೆ. ಬೋಲ್ಟಿನ ತಿರುಪಿನ ಗೀರುಗಳಲ್ಲಿ ಅಷ್ಟಿಷ್ಟು ನುಸುಳಿ ಇಷ್ಟು ದಿನ ಕಾರು ಹೇಗೋ ಬದುಕಿಕೊಂಡಿತ್ತು. ಪಾಲಿಶ್ ಪೇಪರ್ ಹಾಕಿ ತಿಕ್ಕಿದೆ, ಬೆಳ್ಳಿ ಪುಡಿ ನನ್ನ ಅಂಗೈ ತುಂಬ ಉದುರಿತು. ನಾನು ಮರೆತಿರಲಿಲ್ಲ. ಒಂದು ದಿನವೂ ಮರೆತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಹೋಗಿ ಮುಖಕ್ಕೆಲ್ಲ ಬೆಳ್ಳಿ ಬಳಿದುಕೊಂಡೆ.

"ಇದಕ್ಯಾರು ಬಣ್ಣ ಹಚ್ಚ್ಯಾರ?" ಎಂದರು ನಮ್ಮ ಮನೆಯವರು.

ಈಗ ನಿಮಗೆ ನಮ್ಮ ಮನೆಯವರ ಮಹಾನವಮಿಯ ಬಗ್ಗೆ ಹೇಳಬೇಕು. ನಮ್ಮ ಕಡೆ ಆಯುಧಪೂಜೆಗೆ ಕಬ್ಬಿಣವೆಲ್ಲ ತೊಳೆದು, ಒರೆಸಿ, ವಿಭೂತಿ ಹಚ್ಚುತ್ತೇವೆ. ಇವರಿಗೆ ಅಷ್ಟು ಸಾಲದು. ಅಂಗಡಿಯಲ್ಲಿ ಉಳಿದ ಬೆಳ್ಳಿ ಬಣ್ಣದ ಡಬ್ಬಿಗಳನ್ನೆಲ್ಲ ಆ ವಾರ ಖಾಲಿ ಮಾಡಲೇಬೇಕು. ತಕ್ಕಡಿ, ಗೇಟು, ಷಟರು, ಬೋರಿನ ಪೆಟ್ಟಿಗೆ, ನನ್ನ ಹೊಲಿಗೆ ಯಂತ್ರದ ಕಾಲು, ಎಲ್ಲಕ್ಕೂ ಬೆಳ್ಳಿ ಬಣ್ಣ. ಒಂದು ವರ್ಷ ಈಳಿಗೆಮಣೆಯ ತನಕ ಬಂದಿದ್ದರು, ನಾನು ಅಡ್ಡ ಕೂತು ಉಳಿಸಿಕೊಂಡೆ.

"ಇನ್ಯಾರು ಹಚ್ತಾರ? ನೀವs," ಎಂದೆ.

"ನಾನು? ನಾ ಗೇಟಿಗೆ ಹಚ್ಚೀನಿ, ತಕ್ಕಡಿಗೆ ಹಚ್ಚೀನಿ. ಕಾರಿಗೆ ಎಲ್ಲಿ ಹಚ್ಚಿದ್ನೆ?"

ಇದಕ್ಕಾಗಿ ಎಷ್ಟು ದಿನದಿಂದ ಕಾದಿದ್ದೆ ನಾನು! ಆಡಬೇಕಾದ ಮಾತುಗಳನ್ನೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದೆ. 'ಹಚ್ಚಿರ್ತೀರಿ, ಹಚ್ಚಿದ್ದೂ ಮರ್ತಿರ್ತೀರಿ. ವಯಸ್ಸಾತು, ಆಗ್ತೈತಿ' ಎನ್ನಬೇಕು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವರ ಮುಖ ನೋಡಿದೆ. ಅವರು ನನ್ನ ಅಂಗೈಯ ಬೆಳ್ಳಿ ಪುಡಿಯನ್ನು ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿ, ತುಟಿ ಅಲುಗಾಡಿಸುತ್ತಾ, ಒಳಗೆಲ್ಲೋ ಹುಡುಕುತ್ತಾ, ಸಿಗದೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಕನ್ನಡಿಯಲ್ಲಿ ದಿನಾ ನೋಡಿದ್ದೆ.

"ಖರೇನ ನೆನಪಿಲ್ಲಲೇ," ಎಂದರು ಮೆತ್ತಗೆ. "ನನಗೂ ಏನರ..."

"ಸುಮ್ಮನಿರ್ರಿ. ಮೊದಲ ಚೆಕ್ ಮಾಡೋಣ," ಎಂದೆ.

ಕಾರಿನ ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಒಂದು ತುದಿಯಿಂದ ಶುರು ಮಾಡಿದೆ. ಮಾರ್ನಮಿ ದಿನ ಬೆಳಿಗ್ಗೆ ಯಾವ ಬ್ರಷ್ ಹಿಡಿದಿದ್ರಿ? ಹಳೇದು ಎಂದರು. ಹೊಸದು ಯಾಕಲ್ಲ? ಹೊಸದು ಗಿರಾಕಿಗೆ ಕೊಟ್ಟಿದ್ದೆ, ಹಳೆಯದರ ಕೂದಲು ಉದುರುತ್ತಿತ್ತು ಎಂದರು. ಎಲ್ಲಿ ಉದುರಿತು? ಅವರು ನೀರಿನ ಲೋಟ ಹಾಗೇ ಹಿಡಿದುಕೊಂಡು ತಮ್ಮ ಉಗುರುಗಳನ್ನು ನೋಡತೊಡಗಿದರು. ನಾನು ಒತ್ತಾಯಿಸಲಿಲ್ಲ. ಆಮೇಲೆ ಒಮ್ಮೆಲೇ ಅವರ ಕಣ್ಣು ಅರಳಿತು.

"ತಡಿ ತಡಿ! ಕಾರಿನ ಬ್ಯಾಟ್ರಿ ತಟ್ಟಿ ತುಕ್ಕು ಹಿಡಿದಿತ್ತು! ಬ್ಯಾಟ್ರಿ ಬಿಚ್ಚಿ ಕೆಳಗಿಟ್ಟೆ, ಆ ಬೋಲ್ಟೂ ಬಿಚ್ಚಿದೆ. ಒಂದು ಕೂದಲ ಹಸಿ ಬಣ್ಣಕ್ಕ ಅಂಟಿತ್ತು, ಉಗುರಿಲೆ ತಗದೆ. ಉಗುರು ಬೆಳ್ಳಗಾಗಿತ್ತು, ಬನ್ನಿ ಎಲಿ ಕೊಡಾಕ ಬಂದವ್ರೆಲ್ಲ ನಕ್ಕರು. ನೀನs ಮೊದಲ ನಕ್ಕಿ! ನಿನಗ ನೆನಪಿಲ್ಲ?"

ನನಗೂ ಆಗ ನೆನಪಾಯಿತು. ನಾವಿಬ್ಬರೂ ಕಟ್ಟೆಯ ಮೇಲೆ ಕೂತು ನಗತೊಡಗಿದೆವು. ಯಾವುದೂ ಎಲ್ಲೂ ಹೋಗಿರಲಿಲ್ಲ. ಮೇಲೊಂದು ಪದರ ಕೂತಿತ್ತು, ಅಷ್ಟೇ. ಕೇಳುವವರು ಬೈಯದೆ ಕೇಳಿದ್ದರಿಂದ ಅದು ಬಿಟ್ಟುಕೊಂಡಿತು. ಅವರು ಲೋಟದ ನೀರನ್ನು ಗಟಗಟ ಕುಡಿದು, "ಹಂಗಾದ್ರ ಅಷ್ಟು ದಿನ ನಿಂದೇನೂ ತಪ್ಪಿದ್ದಿಲ್ಲ ಬಿಡು" ಎಂದರು. ಈ ಗಂಡಸರ ಬಾಯಿಂದ ಕ್ಷಮೆ ಇದಕ್ಕಿಂತ ಸ್ಪಷ್ಟವಾಗಿ ಬರುವುದಿಲ್ಲ. ಆಮೇಲೆ ಕಾರಿನಿಂದ ಗೊಂಚಲು ತೆಗೆದು, ಉಗುರು ಮುರಿಯುವಷ್ಟು ತಿಣುಕಿ, ಕಾರಿನ ಕೀಲಿಯೊಂದನ್ನೇ ಬಿಡಿಸಿ ನನ್ನ ಕೈಗಿಟ್ಟರು.

ತಗಡನ್ನು ಹೊಳೆಯುವ ತನಕ ತಿಕ್ಕಿ, ಬೋಲ್ಟು ಬಿಗಿದು, ಮತ್ತೆ ಮೀಟರ್ ಇಟ್ಟೆ. ಬ್ಯಾಟರಿಯ ಮೇಲೆ ಹದಿನಾಲ್ಕು ದಾಟಿತು. ಸೋಮವಾರ ಹುಸೇನಪ್ಪ ಬಂದಾಗ ಅವನಿಗೆ ಡೈನಮೊ ಬೇಡವೆಂದು ಹೇಳಿ ಟೀ ಕೊಟ್ಟೆ. ಅವನು ಬೋಲ್ಟನ್ನು ಬಹಳ ಹೊತ್ತು ನೋಡಿ, "ಚೊಕ್ಕ ಐತಿ ಅಂತ ನಾನs ಹೊಗಳಿದ್ನೆಲ್ರಿ ಅಕ್ಕೋರೆ" ಎಂದು ತಲೆ ಕೆರೆದುಕೊಂಡ. ಆ ಹೊಗಳಿಕೆಯನ್ನು ನಾನೂ ನಂಬಿದ್ದೆ, ತಪ್ಪು ಅವನೊಬ್ಬನದೇ ಅಲ್ಲ.

ಆ ವಾರವೇ ಅಕ್ಕನನ್ನು ಹೊಳಲಿಗೆ ಕರೆದೊಯ್ದೆ. ಅನಂತಶಯನನ ಮುಂದೆ ನಿಂತು ಅಕ್ಕ ಕೈ ಮುಗಿದಳು. ಎಷ್ಟೋ ನೂರು ವರ್ಷಗಳಿಂದ ಮಲಗಿಯೇ ಇರುವ ಸ್ವಾಮಿ. ಅವನ ಬ್ಯಾಟರಿ ಇಳಿದಿದೆ, ಬದಲಿಸಿ ಎಂದು ಯಾರೂ ಅಂದಿಲ್ಲ. ಪುಣ್ಯವಂತ. "ಗಾಡಿಗೆ ಏನಾಗಿತ್ತಲೇ ಕೊನಿಗೆ?" ಎಂದಳು ಅಕ್ಕ. "ಏನಿಲ್ಲ ಅಕ್ಕ, ನಮ್ಮ ಮನೆಯವರು ಪ್ರೀತಿ ಸ್ವಲ್ಪ ದಪ್ಪ ಹಚ್ಚಿದ್ರು" ಎಂದೆ.

ಈ ವರ್ಷದ ಮಹಾನವಮಿಗೆ ನಮ್ಮ ಮನೆಯವರು ಮತ್ತೆ ಡಬ್ಬಿ ತಂದರು. ಬಾನೆಟ್ ಎತ್ತಿ, ಬ್ರಷ್ ಹಿಡಿದು, ಅಂಗಳದಿಂದಲೇ ಕೂಗಿದರು: "ಲೇ, ಹಚ್ಚಬಾರದ ಬೋಲ್ಟು ಯಾವುದು? ಮರ್ತೆ ನೋಡು!" ಆ 'ಮರ್ತೆ' ಎಂಬ ಮಾತು ಎಷ್ಟು ಹಗುರಾಗಿ ಬಂತು! ಹೋಗಿ ತೋರಿಸಿದೆ. ಅದರ ಮೇಲೆ ಒಂದು ಮಲ್ಲಿಗೆ ಮೊಗ್ಗು ಇಟ್ಟು ಗುರುತು ಮಾಡಿದೆ. ತಿರುಗಿ ಅಡುಗೆಮನೆಗೆ ಬಂದು ನಿಂತರೆ, ಯಾಕೆ ಬಂದೆ ಎಂಬುದೇ ನೆನಪಿಲ್ಲ. ಹೋದ ವರ್ಷವಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಈಗ ಗೋಡೆಗೆ ಒರಗಿ ನಿಂತೆ. ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಬಂತು. ಹೆಂಚಿನ ಮೇಲಿನ ಹೋಳಿಗೆ ಸೀದ ವಾಸನೆಯ ಜೊತೆಗೇ ಬಂತು.

"ಸೀದೈತೇನು?" ಎಂದರು ಅಂಗಳದಿಂದ.

"ಸೀದೈತಿ. ತುಪ್ಪ ಹಾಕಿ ಕೊಡ್ತೀನಿ, ತಿನ್ರಿ," ಎಂದೆ.

ಕೈಯ ಬೆಳ್ಳಿ ಬಣ್ಣ ಒರೆಸಿಕೊಳ್ಳುತ್ತಾ ಬಂದು, ತಿಂದರು. ಚಲೋ ಆಗೇತಿ ಎಂದರು.